ಧಕ್ಕೆಯಲ್ಲಿ ಎಣ್ಣೆ ಬಣ್ಣದ ಚಿತ್ರ: ಕೆಟ್ಟಿದ್ದೆಲ್ಲಿ ಎಂದು ಹುಡುಕುವ ಕೈಪಿಡಿ

ಮಂಗಳೂರಿನ ಹಳೇ ಬಂದರಿನ ಧಕ್ಕೆ (ಬೋಟು ಕಟ್ಟುವ ಕಟ್ಟೆ), ಮಲ್ಪೆ, ಕಾರವಾರದ ಬೈತಖೋಲ. ಇಂಥ ಮೀನುಗಾರಿಕೆ ಬಂದರುಗಳಲ್ಲಿ ಈಸಲ್ (ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡ್) ಇಟ್ಟು ಎಣ್ಣೆ ಬಣ್ಣದಲ್ಲಿ ಚಿತ್ರ ಬರೆಯುವುದು ಸುಲಭದ ಕೆಲಸ ಅಲ್ಲ. ಬೋಟು ನಿಲ್ಲುವುದಿಲ್ಲ, ನೀರು ನಿಲ್ಲುವುದಿಲ್ಲ, ಬೆಳಕು ನಿಲ್ಲುವುದಿಲ್ಲ, ಜನರಂತೂ ನಿಲ್ಲುವುದೇ ಇಲ್ಲ. ಚಿತ್ರ ಕೆಟ್ಟಾಗ ಬಹಳ ಮಂದಿ ಮೊದಲು ದೂರುವುದು ಬಣ್ಣವನ್ನು. ಅಂಗಡಿಗೆ ಹೋಗಿ ದುಬಾರಿ ಟ್ಯೂಬ್ ತರುತ್ತಾರೆ. ಆದರೆ ದೋಷ ಟ್ಯೂಬಿನಲ್ಲಿ ಇರುವುದು ಅಪರೂಪ. ಕ್ಯಾನ್ವಾಸಿನ ಮೇಲೆ ಬೀಳುವ ಬೆಳಕು, ಯಾವುದನ್ನು ಮೊದಲು ಬರೆದಿರಿ ಎಂಬ ಕ್ರಮ, ಬಣ್ಣ ತೆಳುಮಾಡಲು, ಬ್ರಷ್ ತೊಳೆಯಲು ಬಳಸುವ ಟರ್ಪೆಂಟೈನಿನ ಕೊಳೆಯಾದ ಡಬ್ಬಿ, ಇವುಗಳಲ್ಲೇ ಜಾಸ್ತಿ. ಹಾಗಾಗಿ ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ, ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಇಟ್ಟಿದ್ದೇನೆ. ನಿಮ್ಮ ಚಿತ್ರದಲ್ಲಿ ಕಾಣುವ ತೊಂದರೆಗೆ ನೇರವಾಗಿ ಹೋಗಿ. ಆದರೆ ಮುಂದಿನ ಭಾಗವನ್ನು ಮಾತ್ರ ಯಾರೂ ಬಿಡಬೇಡಿ.

ಈಸಲ್ ಬಿಚ್ಚುವ ಮೊದಲು

ಧಕ್ಕೆ ಅಂದರೆ ದುಡಿಯುವವರ ಜಾಗ. ಅಲ್ಲಿ ನಾವು ಅಡ್ಡ ನಿಲ್ಲುವವರು. ಮೊದಲು ಸುತ್ತ ಒಂದು ಸಲ ನಡೆಯಿರಿ. ಲಾರಿ ಎಲ್ಲಿ ಹಿಂದಕ್ಕೆ ಬರುತ್ತದೆ, ಐಸ್ ಎಲ್ಲಿಂದ ಬರುತ್ತದೆ, ಕ್ರೇಟ್ ಹೊತ್ತವರು ಯಾವ ದಾರಿಯಲ್ಲಿ ಓಡುತ್ತಾರೆ ನೋಡಿ. ಆ ದಾರಿ ಬಿಟ್ಟು ಒಂದು ಕಂಬದ ಬದಿಯನ್ನೋ ಗೋಡೆಯ ಮೂಲೆಯನ್ನೋ ಹಿಡಿಯಿರಿ. "ಅಕ್ಕಾ, ಇಲ್ಲಿ ನಿಂತ್ರೆ ನಿಮ್ಗೆ ಅಡ್ಡ ಆಗ್ತದಾ?" ಅಂತ ಕೇಳಿ. ಆ ಒಂದು ಮಾತಿಗೆ ಎಷ್ಟೋ ಸಲ ನಿಮಗೇ ತಿಳಿಯದ ಒಳ್ಳೆಯ ಜಾಗವೂ ಸಿಗುತ್ತದೆ.

ಬಿಗಿಯಾಗಿ ಎಳೆದ ಹಗ್ಗದ ಸಾಲಿನಲ್ಲಿ ನಿಲ್ಲಬೇಡಿ. ಅದು ತುಂಡಾದರೆ ಎಳೆದ ದಾರಿಯಲ್ಲೇ ಹಿಂದಕ್ಕೆ ಹೊಡೆಯುತ್ತದೆ. ಸುರುಳಿ ಸುತ್ತಿದ ಹಗ್ಗದೊಳಗೆ ಕಾಲಿಡಬೇಡಿ. ಮೀನಿನ ನೀರು ಹರಿದ ಕಾಂಕ್ರೀಟು ಜಾರುತ್ತದೆ, ಪಾಚಿ ಹಿಡಿದ ಮೆಟ್ಟಿಲು ಇನ್ನೂ ಜಾಸ್ತಿ. ಚಿತ್ರ ನೋಡಲು ಹಿಂದೆ ಹಿಂದೆ ಹೆಜ್ಜೆ ಇಡುವುದು ನಮ್ಮೆಲ್ಲರ ಅಭ್ಯಾಸ. ಆದ್ದರಿಂದ ಬೆನ್ನಿನ ಹಿಂದೆ ನೀರು ಇರುವ ಕಡೆ ಈಸಲ್ ಇಡಲೇಬಾರದು. ಈಸಲ್ ಕಾಲಿನ ನಡುವೆ ಕಲ್ಲು ತುಂಬಿದ ಚೀಲ ತೂಗುಹಾಕಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ, ಆಗ ಕ್ಯಾನ್ವಾಸ್ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ.

ಪಣಂಬೂರಿನ ನವಮಂಗಳೂರು ಬಂದರು ಬೇಲಿ ಹಾಕಿದ, ಪಾಸ್ ಬೇಕಾದ ಜಾಗ. ಕಾರವಾರದ ನೌಕಾನೆಲೆಯ ಕಡೆಗೆ ಈಸಲನ್ನೂ ಫೋನನ್ನೂ ತಿರುಗಿಸಬೇಡಿ. ಮೀನುಗಾರಿಕೆ ಬಂದರುಗಳಲ್ಲಿ ಅಲ್ಲಿನ ಕಚೇರಿಗೆ ಒಂದು ಮಾತು ತಿಳಿಸಿ ಕೂತರೆ ಆಮೇಲೆ ಯಾರೂ ಎಬ್ಬಿಸುವುದಿಲ್ಲ.

ಲಕ್ಷಣ: ಧಕ್ಕೆಯಲ್ಲಿ ಚೆನ್ನಾಗಿತ್ತು, ಮನೆಗೆ ಬಂದರೆ ಕಪ್ಪು ಕಪ್ಪು

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದು. ಕಾರಣವೂ ಸಾಮಾನ್ಯವಾಗಿ ಒಂದೇ. ಬಿಸಿಲು ನೇರವಾಗಿ ಕ್ಯಾನ್ವಾಸಿನ ಮೇಲೆ ಬಿದ್ದಿತ್ತು. ಬಿಸಿಲಿನಲ್ಲಿ ಬಿಳಿ ಬಟ್ಟೆ ಕಣ್ಣು ಕುಕ್ಕುತ್ತದೆ. ಕಣ್ಣಿಗೆ ಹಿತವಾಗಲಿ ಅಂತ ನಮಗೆ ಗೊತ್ತಿಲ್ಲದೆಯೇ ಎಲ್ಲ ಬಣ್ಣವನ್ನೂ ಗಾಢವಾಗಿ ಬೆರೆಸುತ್ತೇವೆ. ಮನೆಯ ಗೋಡೆಗೆ ಅಷ್ಟು ಬೆಳಕು ಇಲ್ಲವಲ್ಲ, ಅಲ್ಲಿ ಚಿತ್ರ ಮುಳುಗಿಹೋಗುತ್ತದೆ.

ಪರೀಕ್ಷೆ: ಚಿತ್ರವನ್ನು ಮತ್ತೆ ಬಿಸಿಲಿಗೆ ಒಯ್ಯಿರಿ. ಅಲ್ಲಿ ಸರಿ ಕಂಡರೆ ದೋಷ ಬೆಳಕಿನದು, ನಿಮ್ಮ ಕಣ್ಣಿನದಲ್ಲ, ಬಣ್ಣದ್ದೂ ಅಲ್ಲ. ಮುಂದಿನ ಸಲ ಕ್ಯಾನ್ವಾಸಿನ ಬೆನ್ನಿಗೆ ಬಿಸಿಲು ಬೀಳುವಂತೆ ಈಸಲ್ ತಿರುಗಿಸಿ. ತೆಳು ಬಟ್ಟೆಯಾದರೆ ಬಿಸಿಲು ಹಿಂದಿನಿಂದ ತೂರಿ ಬಂದು ಮೋಸ ಮಾಡುತ್ತದೆ, ಬೆನ್ನಿಗೆ ಒಂದು ರಟ್ಟು ಸಿಕ್ಕಿಸಿ. ಪ್ಯಾಲೆಟ್ (ಬಣ್ಣ ಬೆರೆಸುವ ಹಲಗೆ) ಮತ್ತು ಕ್ಯಾನ್ವಾಸ್ ಎರಡೂ ಒಂದೇ ನೆರಳಿನಲ್ಲಿರಬೇಕು. ಪ್ಯಾಲೆಟ್ ಬಿಸಿಲಲ್ಲಿದ್ದು ಕ್ಯಾನ್ವಾಸ್ ನೆರಳಲ್ಲಿದ್ದರೆ, ಪ್ಯಾಲೆಟ್ಟಿನಲ್ಲಿ ಸರಿ ಕಂಡ ಬಣ್ಣ ಕ್ಯಾನ್ವಾಸಿಗೆ ಹೋದ ಕೂಡಲೇ ಕಪ್ಪಾಗುತ್ತದೆ.

ಮಂಗಳೂರಿನ ಧಕ್ಕೆಯಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಧಕ್ಕೆ ಫಲ್ಗುಣಿ ನದಿಯ ಪೂರ್ವ ದಡದಲ್ಲಿದೆ, ಎದುರಿಗೆ ಪಶ್ಚಿಮದಲ್ಲಿ ಬೆಂಗ್ರೆ. ಬೆಳಿಗ್ಗೆ ನೀವು ಬೋಟುಗಳ ಕಡೆ ಮುಖ ಮಾಡಿದರೆ ಸೂರ್ಯ ನಿಮ್ಮ ಬೆನ್ನಿಗೆ. ಬೋಟಿನ ಬಣ್ಣಗಳು ಪೂರ್ತಿ ಕಾಣುತ್ತವೆ, ಆದರೆ ಕ್ಯಾನ್ವಾಸಿನ ಮೇಲೂ ಬಿಸಿಲು ಬೀಳುತ್ತದೆ, ಕೊಡೆ ಬೇಕೇ ಬೇಕು. ಸಂಜೆ ಸೂರ್ಯ ಎದುರಿಗೆ. ಕ್ಯಾನ್ವಾಸ್ ತಾನಾಗಿಯೇ ನೆರಳಲ್ಲಿರುತ್ತದೆ, ಬೋಟುಗಳು ಕಪ್ಪು ಆಕಾರಗಳಾಗುತ್ತವೆ. ಹೊಸದಾಗಿ ಕಲಿಯುವವರಿಗೆ ಸಂಜೆಯೇ ಒಳ್ಳೆಯದು ಅಂತ ನನ್ನ ಖಚಿತ ಅಭಿಪ್ರಾಯ.

ಲಕ್ಷಣ: ಇಡೀ ಚಿತ್ರ ಒಂದೇ ಕಡೆಗೆ ವಾಲಿದೆ, ಎಲ್ಲವೂ ಕೇಸರಿ ಅಥವಾ ಎಲ್ಲವೂ ನೀಲಿ

ತಲೆ ಎತ್ತಿ ನೋಡಿ. ಮೇಲೆ ನೀಲಿ ಟರ್ಪಾಲ್ ಇದೆಯಾ? ಧಕ್ಕೆಯಲ್ಲಿ ನೆರಳು ಅಂದರೆ ಬಹುಪಾಲು ಅದೇ. ನೀಲಿ ಟರ್ಪಾಲಿನ ಕೆಳಗೆ ಬಿಳಿ ಹಾಳೆಯೂ ನೀಲಿ. ಕಣ್ಣು ಸ್ವಲ್ಪ ಹೊತ್ತಿಗೆ ಅದಕ್ಕೆ ಒಗ್ಗಿಕೊಂಡು "ಇದೇ ಬಿಳಿ" ಅಂದುಕೊಳ್ಳುತ್ತದೆ. ಆದರೆ ಹೊರಗಿನ ಬಿಸಿಲಿನ ದೃಶ್ಯಕ್ಕೆ ಹೋಲಿಸಿದರೆ ಕ್ಯಾನ್ವಾಸ್ ತಣ್ಣಗೆ ಕಾಣುತ್ತದೆ, ಅದನ್ನು ಸರಿದೂಗಿಸಲು ನೀವು ಹಳದಿ, ಕೆಂಪು ಸೇರಿಸುತ್ತಾ ಹೋಗುತ್ತೀರಿ. ಮನೆಯಲ್ಲಿ ಟರ್ಪಾಲ್ ಇಲ್ಲ. ಸೇರಿಸಿದ ಕೇಸರಿ ಮಾತ್ರ ಉಳಿಯುತ್ತದೆ. ಕೆಂಪು ಕೊಡೆಯ ಕೆಳಗೆ ಇದೇ ತಿರುಗುಮುರುಗು.

ಪರೀಕ್ಷೆ ಸುಲಭ. ಒಂದು ಬಿಳಿ ಕಾಗದವನ್ನು ಕ್ಯಾನ್ವಾಸಿನ ಪಕ್ಕ ಹಿಡಿಯಿರಿ. ಅದೇ ಕಾಗದದ ಇನ್ನೊಂದು ತುಂಡನ್ನು ಟರ್ಪಾಲಿನ ಹೊರಗೆ, ಬಯಲಿನ ನೆರಳಲ್ಲಿ ಇಟ್ಟು ನೋಡಿ. ಎರಡೂ ಬೇರೆ ಬೇರೆ ಬಣ್ಣ ಕಂಡರೆ ಜಾಗ ಬದಲಿಸಿ. ಕಪ್ಪು ಅಥವಾ ಬೂದು ಬಣ್ಣದ ಕೊಡೆ ಅತ್ಯುತ್ತಮ. ನಮ್ಮ ಊರಿನ ಮಾಮೂಲಿ ಕರಿ ಕೊಡೆ ಸಾಕು. ಬಣ್ಣದ ಅಂಗಿಯೂ ಇದೇ ಕೆಲಸ ಮಾಡುತ್ತದೆ. ಕಡುಹಳದಿ ಅಂಗಿ ಹಾಕಿ ಕ್ಯಾನ್ವಾಸಿನ ಹತ್ತಿರ ನಿಂತರೆ ಆ ಹಳದಿ ಹಸಿ ಬಣ್ಣದ ಮೇಲೆ ಪ್ರತಿಫಲಿಸುತ್ತದೆ.

ಲಕ್ಷಣ: ಅರ್ಧ ಬರೆಯುವಷ್ಟರಲ್ಲಿ ಬೋಟು ಹೊರಟುಹೋಯಿತು, ಅಥವಾ ಅದೇ ಬೋಟು ಈಗ ಬೇರೆ ಎತ್ತರದಲ್ಲಿದೆ

ಇವು ಎರಡು ಬೇರೆ ತೊಂದರೆ. ಬೋಟು ಹೋಗುವುದಕ್ಕೆ ಮದ್ದು ಬಾಯಲ್ಲೇ ಇದೆ. "ಅಣ್ಣಾ, ಈ ಬೋಟು ಯಾವಾಗ ಹೊರಡ್ತದೆ?" ಅಂತ ಕೇಳಿ. ಐಸ್ ತುಂಬುತ್ತಿದ್ದಾರೆ, ಡೀಸೆಲ್ ಹಾಕುತ್ತಿದ್ದಾರೆ ಅಂದರೆ ಅದು ಹೊರಡುವ ಬೋಟು, ಅದನ್ನು ನಂಬಬೇಡಿ. ಬಲೆ ಹರಡಿ ಹೊಲಿಯುತ್ತಿದ್ದಾರೆ, ಇಂಜಿನ್ ಬಿಚ್ಚಿದ್ದಾರೆ ಅಂದರೆ ಅದು ನಿಮ್ಮ ಬೋಟು.

ಮೀನು ಇಳಿಸಿ ಜಾಗ ಖಾಲಿ ಮಾಡುವ ಬೋಟಿನದೇ ಚಿತ್ರ ಬೇಕು ಅಂದರೆ ಕ್ರಮ ಬದಲಿಸಿ. ಮೊದಲು ಅದರ ಒಟ್ಟು ಆಕಾರ, ಆಮೇಲೆ ಬೆಳಕು ಮತ್ತು ನೆರಳಿನ ಗೆರೆ. ಇಷ್ಟಕ್ಕೆ ಹದಿನೈದು ನಿಮಿಷ ಕೊಡಿ. ಆಕಾಶ, ಬೆಂಗ್ರೆಯ ತೆಂಗಿನ ಸಾಲು, ಧಕ್ಕೆಯ ಕಂಬ, ಇವು ಎಲ್ಲಿಗೂ ಹೋಗುವುದಿಲ್ಲ, ಕೊನೆಗೆ ಇರಲಿ. ಬಹಳ ಜನ ಆಕಾಶದಿಂದ ಶುರು ಮಾಡಿ ಬೋಟು ಕಳೆದುಕೊಳ್ಳುತ್ತಾರೆ. ಹೋದ ಬೋಟಿನ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ. ಒಂದೇ ಜಾತಿಯ ಟ್ರಾಲ್ ಬೋಟುಗಳ ಮೈಕಟ್ಟು ಸುಮಾರು ಒಂದೇ ತರ, ವಿವರವನ್ನು ಪಕ್ಕದ ಬೋಟಿನಿಂದ ತೆಗೆದುಕೊಳ್ಳಬಹುದು. ಬೆಳಕು ಮಾತ್ರ ಒಂದೇ ಹೊತ್ತಿನದಾಗಿರಲಿ.

ಎರಡನೆಯದು ಉಬ್ಬರ ಇಳಿತ. ನಮ್ಮ ಕರಾವಳಿಯಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಏರಿಕೆಗೂ ಇಳಿಕೆಗೂ ನಡುವೆ ಸುಮಾರು ಆರು ಗಂಟೆ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಏರಿಳಿತ ಜಾಸ್ತಿ. ಮಂಗಳೂರಲ್ಲಿ ಅದು ಒಂದು ಮೀಟರಿಗೂ ಸ್ವಲ್ಪ ಮೇಲೆ ಹೋಗುತ್ತದೆ. ಒಂದು ಮೀಟರ್ ತಾನೇ ಅನ್ನಬೇಡಿ. ನೀವು ಧಕ್ಕೆಯ ಅಂಚಿನಲ್ಲಿ ಕೂತಿದ್ದರೆ, ಬೋಟಿನ ಅಟ್ಟಣೆ (ಡೆಕ್) ನಿಮ್ಮ ಕಣ್ಣಿಗಿಂತ ಕೆಳಗಿದ್ದದ್ದು ಕಣ್ಣಿನ ಮಟ್ಟಕ್ಕೇ ಬರುತ್ತದೆ. ಆಗ ಅಟ್ಟಣೆಯ ಮೇಲಿನ ಬಲೆ, ಹಗ್ಗ, ಬುಟ್ಟಿ ಎಲ್ಲ ಕಾಣದಾಗುತ್ತವೆ. ಚಿತ್ರದಲ್ಲಿ ಬೋಟಿನ ಮೂತಿ ಒಂದು ಹೊತ್ತಿನದು, ಹಿಂಭಾಗ ಇನ್ನೊಂದು ಹೊತ್ತಿನದು ಆಗುತ್ತದೆ. ಏನೋ ತಿರುಚಿದ ಹಾಗೆ ಕಾಣುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಪರೀಕ್ಷೆ: ಧಕ್ಕೆಯ ಕಂಬಗಳ ಮೇಲೆ ಒದ್ದೆಯ ಗೆರೆ ಇರುತ್ತದೆ. ಕೆಳಗೆ ಪಾಚಿ ಮತ್ತು ಚಿಪ್ಪು ಅಂಟಿದ ಕಪ್ಪು ಪಟ್ಟಿ, ಮೇಲೆ ಒಣಗಿದ ಸಿಮೆಂಟ್. ಕೆಲಸ ಶುರು ಮಾಡುವಾಗ ನೀರು ಆ ಪಟ್ಟಿಯ ಎಲ್ಲಿಗೆ ಮುಟ್ಟಿದೆ ಅಂತ ಕ್ಯಾನ್ವಾಸಿನ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಅರ್ಧ ಗಂಟೆಗೊಮ್ಮೆ ನೋಡಿ. ಪಟ್ಟಿ ಒದ್ದೆಯಾಗಿದ್ದು ನೀರು ಅದಕ್ಕಿಂತ ಕೆಳಗಿದ್ದರೆ ಇಳಿತ. ಒಣಗಿದ ಭಾಗಕ್ಕೇ ನೀರು ಏರುತ್ತಿದ್ದರೆ ಉಬ್ಬರ. ಉಬ್ಬರದ ತುದಿಯಲ್ಲೂ ಇಳಿತದ ತುದಿಯಲ್ಲೂ ನೀರು ಸ್ವಲ್ಪ ಹೊತ್ತು ಹೆಚ್ಚೇನೂ ಬದಲಾಗದು. ಬೋಟಿನ ರೇಖೆಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ.

ಗೆರೆ ದಾಟಿ ನೀರು ಒಂದು ಗೇಣು ಬದಲಾಗಿದ್ದರೆ ಬೋಟನ್ನು ತಿದ್ದುವುದು ನಿಲ್ಲಿಸಿ. ಮೊದಲು ಬರೆದಿದ್ದೇ ಸರಿ ಅಂತ ಒಪ್ಪಿಕೊಂಡು ಬೇರೆ ಭಾಗಕ್ಕೆ ಹೋಗಿ. ಬೆಳಕಿಗೂ ಇದೇ ನಿಯಮ. ಎರಡು ಗಂಟೆ ದಾಟಿದ ಮೇಲೆ ನೆರಳುಗಳು ನಿಮ್ಮವಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಇದಕ್ಕೆ ಕಂಡುಕೊಂಡ ದಾರಿ ಅಂದರೆ ಹಲವು ಕ್ಯಾನ್ವಾಸ್ ಜೊತೆಗಿಟ್ಟುಕೊಳ್ಳುವುದು. ಬೆಳಕು ಬದಲಾದ ಹಾಗೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುತ್ತಿದ್ದರು. ನಮಗೆ ಬೆಳಿಗ್ಗೆಗೊಂದು, ಸಂಜೆಗೊಂದು ಸಣ್ಣ ಬೋರ್ಡ್ ಸಾಕು.

ಬೋಟುಗಳು ಎಲ್ಲಿಗೂ ಹೋಗದ ಕಾಲವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಒಂದಕ್ಕೊಂದು ಅಂಟಿಕೊಂಡು ಲಂಗರು ಹಾಕಿರುತ್ತವೆ. ಮಳೆಯಲ್ಲಿ ಎಣ್ಣೆ ಬಣ್ಣದ ಕೆಲಸ ಕಷ್ಟ, ಆದರೆ ಒಂದು ಮಾಡಿನ ಕೆಳಗೆ ಪೆನ್ಸಿಲ್ ಹಿಡಿದು ಬೋಟಿನ ಮೈಕಟ್ಟು ಕಲಿಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಲಕ್ಷಣ: ಬಣ್ಣ ಕೆಸರಾಗುತ್ತಿದೆ

ಮೊದಲು ಟರ್ಪೆಂಟೈನ್ ಡಬ್ಬಿ ನೋಡಿ. ಅದು ಚಹಾ ಬಣ್ಣಕ್ಕೆ ತಿರುಗಿದ್ದರೆ ಇನ್ನೇನೂ ಹುಡುಕಬೇಕಾಗಿಲ್ಲ. ಬ್ರಷ್ಷನ್ನು ಅದರಲ್ಲಿ ಅದ್ದಿದಾಗಲೆಲ್ಲ ಸ್ವಲ್ಪ ಕೆಸರನ್ನು ಕ್ಯಾನ್ವಾಸಿಗೆ ಒಯ್ಯುತ್ತಿದ್ದೀರಿ. ಬ್ರಷ್ಷನ್ನು ಮೊದಲು ಬಟ್ಟೆಯಲ್ಲಿ ಒರೆಸಿ, ಆಮೇಲೆ ಅದ್ದಿ, ಮತ್ತೆ ಒರೆಸಿ. ಬೆಳಕಿನ ಬಣ್ಣಕ್ಕೆ ಒಂದು, ನೆರಳಿನ ಬಣ್ಣಕ್ಕೆ ಒಂದು ಬ್ರಷ್ ಇಟ್ಟುಕೊಂಡರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಡಬ್ಬಿ ಸ್ವಚ್ಛ ಇದ್ದರೂ ಕೆಸರಾಗುತ್ತಿದ್ದರೆ, ಪ್ಯಾಲೆಟ್ ನೈಫಿನಲ್ಲಿ ಹೊಸದಾಗಿ ಒಂದು ಬಣ್ಣ ಬೆರೆಸಿ, ಕ್ಯಾನ್ವಾಸಿನ ಒಣ ಮೂಲೆಯಲ್ಲಿ ಒಂದು ಚುಕ್ಕೆ ಇಡಿ. ಚುಕ್ಕೆ ತಿಳಿಯಾಗಿದ್ದರೆ ಬೆರೆಸಿದ್ದು ಸರಿ, ಹಚ್ಚುವ ರೀತಿಯಲ್ಲಿ ತೊಂದರೆ. ಹಸಿ ಬಣ್ಣದ ಮೇಲೆ ಉಜ್ಜುತ್ತಿದ್ದೀರಿ. ಮೇಲಿನ ಬಣ್ಣ ಕೆಳಗಿನದಕ್ಕಿಂತ ದಪ್ಪ ಇರಬೇಕು, ಒಂದೇ ಸಲ ಇಟ್ಟು ಕೈ ತೆಗೆಯಬೇಕು. ಚುಕ್ಕೆಯೇ ಕೆಸರಾಗಿದ್ದರೆ ಬೆರೆಸಿದ್ದು ತಪ್ಪು. ಕೆಂಪು, ಹಳದಿ, ನೀಲಿ ಮೂರೂ ಹೆಚ್ಚುಕಡಿಮೆ ಸಮವಾಗಿ ಸೇರಿದರೆ ಕಂದುಬೂದು ಆಗಿಯೇ ಆಗುತ್ತದೆ. ಧಕ್ಕೆಯ ಬೂದು ಬಣ್ಣಗಳಿಗೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಪು ಕಂದು, ಬಿಳಿ ಇಷ್ಟೇ ಸಾಕು. ಒದ್ದೆ ಕಾಂಕ್ರೀಟಿಗೆ ನೀಲಿಯ ಕಡೆ, ತುಕ್ಕಿಗೆ ಸಿಯೆನ್ನಾದ ಕಡೆ ಸ್ವಲ್ಪ ವಾಲಿಸಿ.

ಇವೆಲ್ಲ ಆದ ಮೇಲೂ ಒಂದು ಜಾಗ ಸರಿಯಾಗದಿದ್ದರೆ ಅದರ ಮೇಲೆ ಇನ್ನಷ್ಟು ಬಣ್ಣ ಹಾಕಬೇಡಿ. ನೈಫಿನಿಂದ ಕೆರೆದು ತೆಗೆಯಿರಿ. ಕೆರೆದ ಮೇಲೆ ಉಳಿಯುವ ತೆಳು ಬೂದು ಕಲೆ ಹೊಸ ಬಣ್ಣಕ್ಕೆ ಒಳ್ಳೆಯ ತಳ. ಹಾಗಾಗಿ ಕೆರೆಯುವುದು ನಷ್ಟದ ಕೆಲಸ ಅಲ್ಲ.

ಲಕ್ಷಣ: ನೀರು ನೀರಿನ ಹಾಗೆ ಕಾಣುತ್ತಿಲ್ಲ, ನೀಲಿ ಚಾಪೆ ಹಾಸಿದಂತಿದೆ

ಕಾರಣ ಒಂದೇ ಅಲ್ಲ. ಒಂದೊಂದಾಗಿ ನೋಡೋಣ.

ನಿಮ್ಮ ಕಾಲ ಬುಡದ ನೀರಿಗೂ ದೂರದ ನೀರಿಗೂ ಒಂದೇ ಬಣ್ಣ ಹಾಕಿದ್ದೀರಾ? ಹತ್ತಿರದ ನೀರನ್ನು ನಾವು ಮೇಲಿನಿಂದ ನೋಡುತ್ತೇವೆ, ಒಳಗಿನ ಬಣ್ಣ ಕಾಣುತ್ತದೆ. ಮಳೆಗಾಲದಲ್ಲಿ ಫಲ್ಗುಣಿಯ ಕೆಂಪು ಕಂದು, ಬೇಸಿಗೆಯಲ್ಲಿ ಪಾಚಿ ಹಸಿರು. ದೂರದ ನೀರನ್ನು ಓರೆಯಾಗಿ ನೋಡುತ್ತೇವೆ, ಅದು ಕನ್ನಡಿಯಾಗಿ ಆಕಾಶವನ್ನು ತೋರಿಸುತ್ತದೆ. ಈ ಬದಲಾವಣೆ ಬಂದರೆ ಸಾಕು, ನೀರು ಅರ್ಧ ಸಮತಟ್ಟಾಗಿ ಮಲಗಿದ ಹಾಗೆ.

ಪ್ರತಿಬಿಂಬ ಬೋಟಿನಷ್ಟೇ ಉಜ್ವಲವಾಗಿದೆಯಾ? ಬಿಳಿ ಬೋಟಿನ ಪ್ರತಿಬಿಂಬ ಬೋಟಿಗಿಂತ ಸ್ವಲ್ಪ ಮಂಕು. ಕಪ್ಪು ಬೋಟಿನದು ಬೋಟಿಗಿಂತ ಸ್ವಲ್ಪ ತಿಳಿ. ಕದಡಿದ ನೀರು ತನ್ನ ಬಣ್ಣವನ್ನೂ ಸೇರಿಸುತ್ತದಲ್ಲ. ಎರಡನ್ನೂ ನೀರಿನ ಮಧ್ಯಮ ಬಣ್ಣದ ಕಡೆಗೆ ಒಂದಿಷ್ಟು ಎಳೆಯಿರಿ.

ಪ್ರತಿಬಿಂಬ ಬೋಟಿನದೇ ತಲೆಕೆಳಗು ನಕಲಾ? ಅದೂ ತಪ್ಪು. ನೀರು ಬೋಟನ್ನು ಕೆಳಗಿನಿಂದ ನೋಡುತ್ತದೆ. ನಿಮಗೆ ಅಟ್ಟಣೆಯ ಮೇಲ್ಭಾಗ ಕಾಣುತ್ತಿದ್ದರೂ ಪ್ರತಿಬಿಂಬದಲ್ಲಿ ಅದು ಇರುವುದಿಲ್ಲ, ಬದಲಿಗೆ ಅಂಚಿನ ಅಡಿಭಾಗ ಕಾಣುತ್ತದೆ. ಧಕ್ಕೆಯ ಅಂಚಿಗೆ ಕಟ್ಟಿದ ಹಳೆ ಟಯರನ್ನು ಸ್ವಲ್ಪ ಹೊತ್ತು ನೋಡಿ. ಮೇಲಿನಿಂದ ನೋಡಿದಾಗ ಅದರ ಮೇಲ್ಮೈಯ ಧೂಳು ಕಾಣುತ್ತದೆ. ನೀರಿನಲ್ಲಿ ಕಾಣುವುದು ಅದರ ತೊಟ್ಟಿಕ್ಕುವ ಕಪ್ಪು ಹೊಟ್ಟೆ. ಈ ಒಂದು ವಸ್ತುವನ್ನು ಸರಿಯಾಗಿ ಬರೆದರೆ ಉಳಿದ ಪ್ರತಿಬಿಂಬಗಳ ಲೆಕ್ಕವೂ ಗೊತ್ತಾಗುತ್ತದೆ. ನೆಟ್ಟಗಿನ ಕಂಬದ ಪ್ರತಿಬಿಂಬ ಯಾವಾಗಲೂ ಅದರ ನೇರ ಕೆಳಗೆ ಬೀಳುತ್ತದೆ. ನಿಮ್ಮ ಕಡೆಗೆ ವಾಲಿದ್ದರೆ ಪ್ರತಿಬಿಂಬ ಉದ್ದ, ಆಚೆ ವಾಲಿದ್ದರೆ ಗಿಡ್ಡ.

ಇಷ್ಟೂ ಸರಿ ಇದ್ದು ಇನ್ನೂ ನೀರು ಚಾಪೆಯಂತಿದ್ದರೆ, ಅಲೆ ಜಾಸ್ತಿಯಾಗಿರಬೇಕು. ಎಲ್ಲ ಅಲೆಯನ್ನೂ ಎಣಿಸಿ ಬರೆಯಬೇಡಿ. ಕಣ್ಣು ಅರ್ಧ ಮುಚ್ಚಿ ನೋಡಿದಾಗ ಉಳಿಯುವ ಮೂರು ನಾಲ್ಕು ಪಟ್ಟಿ ಮಾತ್ರ ಇಡಿ. ಹತ್ತಿರದವು ಅಗಲ, ದೂರದವು ಸಣ್ಣ. ಮೇಲೆ ತೇಲುವ ಡೀಸೆಲಿನ ಮಿರುಗನ್ನು ಒಂದೇ ಕಡೆ ಒಂದು ಸ್ಪರ್ಶದಲ್ಲಿ ಮುಗಿಸಿ.

ಲಕ್ಷಣ: ಬೋಟು ನೀರಲ್ಲಿ ಕೂತಿಲ್ಲ, ತೇಲುವ ಬದಲು ಅಂಟಿಸಿದಂತಿದೆ

ಫೋನಿನಲ್ಲಿ ಚಿತ್ರದ ಫೋಟೋ ತೆಗೆದು ಎಡಬಲ ತಿರುಗಿಸಿ ನೋಡಿ. ವಾಲಿದ್ದು ಕೂಡಲೇ ಕಾಣುತ್ತದೆ. ಎರಡೂ ಬದಿಯ ವಕ್ರರೇಖೆ ಒಂದೇ ಆಗದಿದ್ದರೆ ಬೋಟನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟಂತೆ ಗೆರೆ ಹಾಕಿ, ನಡುಗೆರೆ ಎಳೆದು ಮತ್ತೆ ಬರೆಯಿರಿ. ಬೋಟು ನೀರನ್ನು ಮುಟ್ಟುವ ಗೆರೆಯ ಕೆಳಗೆ ತೆಳುವಾದ ಒಂದು ಗಾಢ ಪಟ್ಟಿ ಇದೆಯಾ ನೋಡಿ. ಅದು ಇಲ್ಲದಿದ್ದರೆ ಯಾವ ಬೋಟೂ ಕೂರುವುದಿಲ್ಲ. ಆ ಗೆರೆಯನ್ನು ಎಲ್ಲ ಕಡೆ ಚೂಪಾಗಿ ಎಳೆಯಬೇಡಿ, ಅಲ್ಲಲ್ಲಿ ನೀರಿನೊಂದಿಗೆ ಕರಗಲಿ.

ಲಕ್ಷಣ: ಏಲಂ ನಡೆಯುವ ಜಾಗದ ಜನ ಗೊಂಬೆಗಳಂತೆ, ಕೆಲವರು ದೈತ್ಯರು ಕೆಲವರು ಕುಳ್ಳರು

ನೀವು ನಿಂತು ಬರೆಯುತ್ತಿದ್ದೀರಾ, ಕೂತು ಬರೆಯುತ್ತಿದ್ದೀರಾ? ಸಮತಟ್ಟಾದ ಧಕ್ಕೆಯಲ್ಲಿ ನೀವು ನಿಂತಿದ್ದರೆ, ನಿಂತವರೆಲ್ಲರ ಕಣ್ಣು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬರುತ್ತದೆ, ಹತ್ತಿರದವರೂ ದೂರದವರೂ. ಬದಲಾಗುವುದು ಕಾಲು ಎಲ್ಲಿ ಮುಟ್ಟುತ್ತದೆ ಎಂಬುದು ಮಾತ್ರ. ನೀವು ಕೂತಿದ್ದರೆ ಅದೇ ಗೆರೆ ಎಲ್ಲರ ಎದೆಗೋ ಸೊಂಟಕ್ಕೋ ಬರುತ್ತದೆ. ಅರ್ಧ ನಿಂತು ಅರ್ಧ ಕೂತು ಬರೆದರೆ ಗುಂಪು ಕೆಡುತ್ತದೆ. ಒಂದು ಭಂಗಿ ಹಿಡಿದು ಮುಗಿಸಿ.

ಆಮೇಲೆ, ಒಬ್ಬೊಬ್ಬರನ್ನೇ ಬರೆಯಬೇಡಿ. ಬೂತಾಯಿ ಮೀನಿನ ರಾಶಿಯ ಸುತ್ತ ಬಗ್ಗಿದ ಹೆಂಗಸರು ಒಂದು ಆಕಾರ. ಮೊದಲು ಆ ಗುಂಪಿನ ಗಾಢ ಆಕಾರ, ಆಮೇಲೆ ಬೆಳಕು ಬಿದ್ದ ಹೆಗಲು, ತಲೆಯ ಮೇಲಿನ ಬುಟ್ಟಿ, ಒಂದು ಸೀರೆಯ ಸೆರಗು. ಮುಖಕ್ಕೆ ಕಣ್ಣು ಮೂಗು ಬೇಡ. ಫೋಟೋ ತೆಗೆಯುವುದಾದರೆ ಕೇಳಿ ತೆಗೆಯಿರಿ. ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಲಕ್ಷಣ: ಬೆಂಗ್ರೆಯ ಮೇಲೆ ಮುಳುಗುವ ಸೂರ್ಯ ಉರಿಯುತ್ತಿಲ್ಲ, ಸುಣ್ಣದ ಬೊಟ್ಟಿನಂತಿದ್ದಾನೆ

ಬಿಳಿ ಜಾಸ್ತಿಯಾಗಿದೆ. ಬಿಳಿ ಹಾಕಿದಷ್ಟೂ ಬಣ್ಣ ತಿಳಿಯಾಗುತ್ತದೆ, ಬಿಸಿ ಹೋಗುತ್ತದೆ. ಫೋನಿನಲ್ಲಿ ಚಿತ್ರದ ಕಪ್ಪುಬಿಳುಪು ಫೋಟೋ ತೆಗೆದು ನೋಡಿ. ಸೂರ್ಯ ಆಕಾಶಕ್ಕಿಂತ ತುಂಬಾ ಬೆಳ್ಳಗೆ ಎದ್ದು ಕಾಣುತ್ತಿದ್ದರೆ ಅದೇ ದೋಷ. ಮೊನೆ 1872ರಲ್ಲಿ ಬರೆದ ಲೆ ಹಾವ್ರ್ ಬಂದರಿನ ಸೂರ್ಯೋದಯದ ಚಿತ್ರವನ್ನು ಕಪ್ಪುಬಿಳುಪು ಮಾಡಿದರೆ ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ. ಸೂರ್ಯನೂ ಸುತ್ತಲಿನ ಬೂದು ಆಕಾಶವೂ ಅಷ್ಟು ಸಮನಾದ ಬೆಳಕಿನವು, ಬಣ್ಣ ಮಾತ್ರ ಬೇರೆ. ಬಂದರಿನ ಮಂಜಿನಲ್ಲಿ ಆ ಸೂರ್ಯ ಮಿಡಿದಂತೆ ಕಾಣುವುದು ಅದರಿಂದಲೇ. ಸುತ್ತಲಿನ ಆಕಾಶವನ್ನು ಬೂದು ನೀಲಿಗೆ ಇಳಿಸಿ, ಸೂರ್ಯನಿಗೆ ಶುದ್ಧ ಕೇಸರಿಯನ್ನು ಬಿಳಿ ಬೆರೆಸದೆ ಇಡಿ. ಸೂರ್ಯನನ್ನೇ ನೆಟ್ಟು ನೋಡಬೇಡಿ, ಸಂಜೆಯಾದರೂ ಕಣ್ಣಿಗೆ ಅಪಾಯ.

ಲಕ್ಷಣ: ಚಿತ್ರ ಒಣಗುತ್ತಿಲ್ಲ, ಅಲ್ಲಲ್ಲಿ ಮಂಕಾಗಿದೆ, ಬಿರುಕು ಬಿಟ್ಟಿದೆ

ಎಣ್ಣೆ ಬಣ್ಣ ಒಣಗುವುದು ನೀರು ಆರಿದಂತೆ ಅಲ್ಲ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹಸಿ ಚಿತ್ರವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಅದು ಒಣಗುವುದಿಲ್ಲ, ಹಳದಿಯೂ ಆಗುತ್ತದೆ. ಗಾಳಿ ಬೆಳಕು ಇರುವ ಕೋಣೆಯಲ್ಲಿ ಗೋಡೆಯಿಂದ ಸ್ವಲ್ಪ ದೂರ ನಿಲ್ಲಿಸಿ. ಮಳೆಗಾಲದಲ್ಲಿ ಗೋಡೆಗೆ ಅಂಟಿದ ಕ್ಯಾನ್ವಾಸಿನ ಬೆನ್ನಿಗೆ ಬೂಸ್ಟು ಹಿಡಿಯುತ್ತದೆ.

ವಾರ ಕಳೆದರೂ ಅಂಟಂಟು ಇದ್ದರೆ ಯಾವ ಬಣ್ಣ ಎಂದು ನೋಡಿ. ಅಂಬರ್ ಎಂಬ ಕಂದು ಬಣ್ಣಗಳು ಒಂದೆರಡು ದಿನದಲ್ಲೇ ಒಣಗುತ್ತವೆ. ಟೈಟಾನಿಯಂ ವೈಟ್, ಕ್ಯಾಡ್ಮಿಯಂ, ಐವರಿ ಬ್ಲ್ಯಾಕ್ ನಿಧಾನ. ಅವು ದಪ್ಪ ಇದ್ದಲ್ಲಿ ಮಾತ್ರ ಅಂಟುತ್ತಿದ್ದರೆ ದೋಷವೇ ಇಲ್ಲ, ಕಾಯಿರಿ. ಎಲ್ಲ ಕಡೆ ಒಂದೇ ತರ ಅಂಟಿದ್ದರೆ ಎಣ್ಣೆಯ ಮೇಲೆ ಅನುಮಾನ ಪಡಿ. ನಮ್ಮ ಕಡೆ ಬ್ರಷ್ ತೊಳೆಯಲು ತೆಂಗಿನೆಣ್ಣೆ ಬಳಸುವವರು ಇದ್ದಾರೆ. ಬ್ರಷ್ಷಿಗೆ ಅದು ಒಳ್ಳೆಯದೇ, ಆದರೆ ತೆಂಗಿನೆಣ್ಣೆ ಎಂದೂ ಒಣಗುವ ಎಣ್ಣೆ ಅಲ್ಲ. ಆಮೇಲೆ ಸೋಪಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಅದು ಬಣ್ಣಕ್ಕೆ ಸೇರುತ್ತದೆ. ಸೀಮೆಎಣ್ಣೆಯೂ ಬೇಡ, ಜಿಡ್ಡು ಬಿಟ್ಟುಹೋಗುತ್ತದೆ.

ಒಣಗಿದ ಮೇಲೆ ಕೆಲವು ಜಾಗ ಮಂಕು, ಕೆಲವು ಜಾಗ ಹೊಳಪು ಅಂದರೆ ಮಂಕಾದಲ್ಲಿ ಎಣ್ಣೆಯನ್ನು ತಳ ಕುಡಿದಿದೆ. ಇದು ಹೆದರುವ ವಿಷಯ ಅಲ್ಲ. ಒಣಗಿದ ಚಿತ್ರದ ಆ ಭಾಗಕ್ಕೆ ಟರ್ಪೆಂಟೈನ್ ಬೆರೆಸಿದ ಅಗಸೆ ಎಣ್ಣೆಯನ್ನು ತೀರಾ ತೆಳುವಾಗಿ ಸವರಿ, ಮಿಕ್ಕಿದ್ದನ್ನು ಒರೆಸಿ ತೆಗೆಯಿರಿ. ಗಾಢ ಬಣ್ಣ ಮತ್ತೆ ಏಳುತ್ತದೆ. ಪ್ರತಿ ಚಿತ್ರದಲ್ಲೂ ಹೀಗಾಗುತ್ತಿದ್ದರೆ ಕ್ಯಾನ್ವಾಸಿನ ಮೂಲೆಗೆ ಒಂದು ಹನಿ ಎಣ್ಣೆ ಹಾಕಿ ನೋಡಿ. ಕೆಲವೇ ನಿಮಿಷದಲ್ಲಿ ಹೀರಿಕೊಂಡರೆ ಬರೆಯುವ ಮುಂಚೆ ಇನ್ನೊಂದು ಕೋಟ್ ಪ್ರೈಮರ್ (ಬಟ್ಟೆಗೆ ಮೊದಲು ಹಚ್ಚುವ ತಳ) ಬೇಕು.

ಬಿರುಕು ಮಾತ್ರ ಗಂಭೀರ. ಎಣ್ಣೆ ಜಾಸ್ತಿ ಇರುವ ಪದರ ಕೆಳಗೆ, ಟರ್ಪೆಂಟೈನ್ ಜಾಸ್ತಿ ಇರುವ ಪದರ ಮೇಲೆ ಹಚ್ಚಿದರೆ ಮೇಲಿನದು ಬೇಗ ಒಣಗಿ ಸೀಳುತ್ತದೆ. ಕ್ರಮ ಯಾವಾಗಲೂ ತೆಳು ಮೊದಲು, ಜಿಡ್ಡು ಆಮೇಲೆ. ಬಿರುಕಿನ ಅಂಚು ಮೇಲೆದ್ದು ಚಕ್ಕೆ ಉದುರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಅಂಟು, ವಾರ್ನಿಷ್ ಯಾವುದನ್ನೂ ಹಾಕಬೇಡಿ. ಚಿತ್ರವನ್ನು ಮಲಗಿಸಿಟ್ಟು, ಉದುರಿದ ಚೂರುಗಳನ್ನು ಕಾಗದದಲ್ಲಿ ಮಡಿಚಿಟ್ಟು, ಕಲಾಕೃತಿ ಸಂರಕ್ಷಣೆ ಬಲ್ಲವರನ್ನು ಕೇಳಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ವಾರ್ನಿಷ್ಷಿಗೆ ಕನಿಷ್ಠ ಆರು ತಿಂಗಳು ಕಾಯಿರಿ. ಒದ್ದೆ ಹವೆಯ ದಿನ ಹಚ್ಚಿದರೆ ಮೇಲೆ ಬಿಳಿ ಮಬ್ಬು ಕೂರುತ್ತದೆ.

ಮರಳು ಅಂಟಿದರೆ ಹಸಿ ಇರುವಾಗ ಮುಟ್ಟಬೇಡಿ. ಪೂರ್ತಿ ಒಣಗಲಿ, ಆಮೇಲೆ ಮೆತ್ತನೆ ಬ್ರಷ್ಷಿನಲ್ಲಿ ತಟ್ಟಿದರೆ ಬಹುಪಾಲು ಉದುರುತ್ತದೆ.

ಲಕ್ಷಣ ಚಿತ್ರದಲ್ಲಿ ಅಲ್ಲ, ನಿಮ್ಮಲ್ಲೇ ಇದ್ದರೆ

ತಲೆನೋವು, ಕಣ್ಣುರಿ, ಓಕರಿಕೆ ಬಂದರೆ ಟರ್ಪೆಂಟೈನ್ ಡಬ್ಬಿ ಮುಚ್ಚಿ, ಅಲ್ಲಿಂದ ಎದ್ದು ಗಾಳಿಗೆ ಬನ್ನಿ. ನೀರು ಕುಡಿದು ನೆರಳಲ್ಲಿ ಕೂರಿ. ಮೈ ಸುಡುತ್ತಿದೆ, ಮಾತು ತಡವರಿಸುತ್ತಿದೆ, ಗಲಿಬಿಲಿಯಾಗುತ್ತಿದೆ ಅಂದರೆ ಅದು ಬಿಸಿಲಿನ ಹೊಡೆತ. ಜೊತೆಗಿದ್ದವರು ಮೈಗೆ ತಣ್ಣೀರು ಹಾಕುತ್ತಾ ಕೂಡಲೇ 112ಕ್ಕೆ ಕರೆ ಮಾಡಬೇಕು. ಟರ್ಪೆಂಟೈನ್ ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ, ಆಮೇಲೆ ವೈದ್ಯರಲ್ಲಿಗೆ ಹೋಗಿ. ಯಾರಾದರೂ ನೀರಿನ ಬಾಟಲಿ ಅಂದುಕೊಂಡು ಕುಡಿದರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ. ಈ ಒಂದೇ ಕಾರಣಕ್ಕೆ ಟರ್ಪೆಂಟೈನನ್ನು ಎಂದೂ ಕುಡಿಯುವ ನೀರಿನ ಬಾಟಲಿಯಲ್ಲಿ ಒಯ್ಯಬಾರದು. ಧಕ್ಕೆಯಲ್ಲಿ ಮಕ್ಕಳು ಸುತ್ತ ಸೇರುತ್ತಾರೆ. ಸೀಸದ ಬಿಳಿ, ಕ್ಯಾಡ್ಮಿಯಂ ಅಂತ ಬರೆದ ಟ್ಯೂಬ್ ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬೇಡಿ, ಅವರಿಗೂ ಕೊಡಬೇಡಿ.

ಲಕ್ಷಣ: ಬಣ್ಣ ಒರೆಸಿದ ಬಟ್ಟೆಯ ಉಂಡೆ ಬೆಚ್ಚಗಿದೆ

ಇದನ್ನು ಕಂಡ ಕೂಡಲೇ ಉಳಿದ ಕೆಲಸ ಬಿಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಗಾಳಿಗೆ ಹೋಗುತ್ತದೆ. ಉಂಡೆ ಮಾಡಿ ಚೀಲಕ್ಕೆ ತುರುಕಿದರೆ ಒಳಗೇ ಕೂಡಿ, ಬೆಂಕಿಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ ಇದಕ್ಕೆ ತೀರಾ ಕೆಟ್ಟ ಜಾಗ. ಉಂಡೆ ಬೆಚ್ಚಗಿದ್ದರೆ ಬಯಲಿಗೆ ಒಯ್ದು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಹೊಗೆ ಏಳುತ್ತಿದ್ದರೆ ಕೈಯಲ್ಲಿ ಎತ್ತಬೇಡಿ, ಇದ್ದಲ್ಲೇ ನೀರು ಸುರಿಯಿರಿ. ಉರಿ ಹಿಡಿದಿದ್ದರೆ ದೂರ ಸರಿದು 112ಕ್ಕೆ ಕರೆ ಮಾಡಿ. ಸುತ್ತ ಡೀಸೆಲ್ ಮತ್ತು ನೈಲಾನ್ ಬಲೆ ಇರುವ ಧಕ್ಕೆಯಲ್ಲಾದರೆ ಹತ್ತಿರದವರಿಗೆ ಕೂಗಿ ಹೇಳುವುದೇ ಮೊದಲ ಕೆಲಸ.

ಮಾಮೂಲಿ ದಿನಗಳಲ್ಲಿ ಬಟ್ಟೆಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಬಯಲಿನಲ್ಲಿ ಹರಡಿ, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ಬಳಸಿದ ಟರ್ಪೆಂಟೈನನ್ನು ಧಕ್ಕೆಯಿಂದ ನೀರಿಗೆ ಚೆಲ್ಲಬೇಡಿ, ಅದು ಮೀನು ಬೆಳೆಯುವ ನೀರು. ಮುಚ್ಚಳ ಬಿಗಿದು ಮನೆಗೆ ತನ್ನಿ. ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬೇರೆ ಡಬ್ಬಿಗೆ ಬಸಿದರೆ ಮುಂದಿನ ಸಲಕ್ಕೆ ಮತ್ತೆ ಬಳಸಬಹುದು.